ವಿದೇಶದಿಂದ ಬಹಳ ದಿನದ ಮೇಲೆ ಮನೆಗೆ ಬಂದಾಗ ನಿಜವಾಗಿ ಖುಷಿ ಕೊಡುವುದು ಯಾವುದು?

ನೀವು ಕೇಳಿದ್ದು ಎರಡು ಪ್ರಶ್ನೆ. ಬಹಳ ಕಾಲ ಹೊರದೇಶದಲ್ಲಿದ್ದು ಮನೆಗೆ ಬಂದವರಿಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಡುವುದು ಊಟವೇ? ಆ ಖುಷಿ ಎಷ್ಟು ದಿನ ಉಳಿಯುತ್ತದೆ?

ನನ್ನ ಮಟ್ಟಿಗೆ ಊಟ ಅಲ್ಲ. ಮನೆಯವರು ನಮ್ಮನ್ನು ನೆಂಟರ ಹಾಗೆ ನೋಡುವುದು ಬಿಟ್ಟು ಕೆಲಸ ಹೇಳಲು ಶುರು ಮಾಡುತ್ತಾರಲ್ಲ, ಅದು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯವನು. ಅಡಿಕೆ ತೋಟದ ಮನೆ. ಕಂಪನಿ ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸುಮಾರು ಎರಡು ವರ್ಷ ಇದ್ದೆ. ಆ ಊರನ್ನು ದೂರುವುದಿಲ್ಲ. ನಲ್ಲಿ ನೀರನ್ನು ಹಾಗೇ ಕುಡಿಯಬಹುದು, ಸುತ್ತಲೂ ದ್ರಾಕ್ಷಿ ತೋಟದ ಗುಡ್ಡಗಳು. ಆದರೆ ಅಲ್ಲಿ ಇದ್ದಷ್ಟು ದಿನವೂ ಒಂದು ಎಚ್ಚರ ಮೈಮೇಲೆ ಇರುತ್ತಿತ್ತು. ಆ ಕಡೆ ಬಾಡಿಗೆ ಮನೆಗಳಲ್ಲಿ ಮೆಟ್ಟಿಲು ಗುಡಿಸುವ ಪಾಳಿ ಇರುತ್ತದೆ. ಕೇರ್‌ವೋಖೆ ಅಂತಾರೆ. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ. ಆ ವಾರ ನೀವೇ ಗುಡಿಸಿ ಒರೆಸಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅವತ್ತು ಗೋಡೆಗೆ ಡ್ರಿಲ್ ಹಾಕುವಂತಿಲ್ಲ. ಎಲ್ಲ ಒಳ್ಳೆಯ ನಿಯಮಗಳೇ. ಆದರೆ ಎಲ್ಲಿ ತಪ್ಪಿಬಿಡುತ್ತೇನೋ ಎಂದು ಲೆಕ್ಕ ಹಾಕುತ್ತಲೇ ಇರಬೇಕು. ಅಮ್ಮನಿಗೆ ಫೋನ್ ಮಾಡಲೂ ಲೆಕ್ಕವೇ. ಬೇಸಿಗೆಯಲ್ಲಿ ಮೂರೂವರೆ ಗಂಟೆ ಕೂಡಿಸು, ಚಳಿಗಾಲದಲ್ಲಿ ನಾಲ್ಕೂವರೆ. ಆಫೀಸ್ ಮುಗಿಸಿ ಬರುವಷ್ಟರಲ್ಲಿ ಊರಲ್ಲಿ ಎಲ್ಲರೂ ಮಲಗಿರುತ್ತಿದ್ದರು.

ಆ ಎಚ್ಚರ ಮೊದಲು ಸಡಿಲವಾಗಿದ್ದು ಊರಿಗೆ ಮರಳುವಾಗ, ತಾಳಗುಪ್ಪದ ರಾತ್ರಿ ರೈಲಿನಲ್ಲಿ. ಎದುರಿನ ಬರ್ತ್‌ನವರೊಬ್ಬರು ರಾಶಿ ಅಡಿಕೆ ದರದ ಬಗ್ಗೆ ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದರು. ಜರ್ಮನಿಯ ರೈಲುಗಳಲ್ಲಿ ಪಕ್ಕದವರ ಮಾತು ತಿಳಿಯಬೇಕಾದರೆ ಕಿವಿಗೊಟ್ಟು ಕೂರಬೇಕಿತ್ತು. ಇಲ್ಲಿ ಬೇಡ ಅಂದರೂ ಅರ್ಥವಾಗುತ್ತಿತ್ತು! ಅವರು ಮಲಗುವವರೆಗೆ ನಾನೂ ಮಲಗಲಿಲ್ಲ, ಮಲಗಬೇಕು ಅನ್ನಿಸಲೂ ಇಲ್ಲ.

ಮೊದಲ ಎರಡು ದಿನ ಪೂರ್ತಿ ಉಪಚಾರ. ಒಂದೆಲಗದ ತಂಬುಳಿ, ಬಾಳೆಎಲೆಯಲ್ಲಿ ಬೇಯಿಸಿದ ಹಲಸಿನಹಣ್ಣಿನ ಕಡುಬು, ಅದರ ಮೇಲೆ ತುಪ್ಪ. ತುಪ್ಪದ ಮೇಲೆ ನನಗೆ ಹಳೇ ಸೇಡು ಇತ್ತು. ಹಾಲಿನ ಪದಾರ್ಥವನ್ನು ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹೀಗೆ ಒಯ್ಯುವಂತಿಲ್ಲ. ಹಾಗಾಗಿ ಹೋಗುವಾಗ ಅಮ್ಮ ಕಾಯಿಸಿಟ್ಟ ತುಪ್ಪ ಮನೆಯಲ್ಲೇ ಉಳಿದಿತ್ತು. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಬಂತು, ಅದನ್ನೇ ಕಡೇ ಹನಿ ರಸದವರೆಗೆ ಎಳೆದಾಡಿದ್ದೆ. ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು, ಹೊಸ ಟವೆಲ್ಲು. ಕುಳಿತಲ್ಲಿಗೇ ಕಾಫಿ. ಅಪ್ಪಯ್ಯ ಟಿವಿ ರಿಮೋಟನ್ನು ತಾವಾಗಿಯೇ ನನ್ನ ಕೈಗೆ ಕೊಟ್ಟರು. ಸುಖ ಹೌದು, ಆದರೆ ಒಂಥರಾ ಮುಜುಗರ. ನಾನಿನ್ನೂ ಬಂದು ತಲುಪಿಲ್ಲವೇನೋ ಅನ್ನಿಸುತ್ತಿತ್ತು.

ಮೂರನೇ ಬೆಳಿಗ್ಗೆ ಅಪ್ಪಯ್ಯ ಕಂಬಳಿ ಎಳೆದರು. ‘ಏಳೋ, ಮಳೆ ಹೊಳವಾಗಿದೆ. ಮೈಲುತುತ್ತ ಕದಡು ನಡಿ.’ ಜರ್ಮನಿಯ ಗಡಿಯಾರದಲ್ಲಿ ಆಗ ರಾತ್ರಿ ಎರಡೂವರೆ.

ಮಲೆನಾಡಿನವರಲ್ಲದವರಿಗೆ ಹೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರುತ್ತದೆ, ಎಳೆ ಕಾಯಿ ಕೊಳೆತು ಉದುರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕೋಲಾಡಿಸಬೇಕು. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡುವುದು. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಇನ್ನಷ್ಟು ಸುಣ್ಣ ಬೇಕು ಅಂತ. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಅದಕ್ಕೇ ಹೊಳವು, ಅಂದರೆ ಮಳೆಯ ಬಿಡುವು, ಸಿಕ್ಕ ದಿನ ಯಾರಿಗೂ ನಿದ್ದೆ ಇಲ್ಲ.

ಈ ಔಷಧಿ ಹುಟ್ಟಿದ್ದು ಯುರೋಪಿನಲ್ಲೇ. 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ನಮ್ಮ ಅಡಿಕೆಗೆ ಅದನ್ನು ಹತ್ತಿಸಿದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮುಖ್ಯರು, ನೂರು ವರ್ಷಕ್ಕೂ ಹಿಂದೆ. ದ್ರಾಕ್ಷಿ ಗುಡ್ಡಗಳ ನಡುವೆ ಎರಡು ವರ್ಷ ಇದ್ದವನು ಇಷ್ಟಕ್ಕೆ ಸಾಗರಕ್ಕೆ ಬರಬೇಕಾಯಿತು ನೋಡಿ.

ನಾನು ಸುಣ್ಣ ಸೋಸುವಾಗ ಕೈ ನಿಧಾನವಾಯಿತು. ‘ಜರ್ಮನಿಯಲ್ಲಿ ಇದನ್ನೂ ಕಲಿಸಲಿಲ್ವೇನೋ’ ಎಂದು ಅಪ್ಪಯ್ಯ ಎಲ್ಲರೆದುರು ಬೈದರು. ಔಷಧಿ ಹೊಡೆಯುವವರು ಮರದ ಮೇಲಿನಿಂದ ನಕ್ಕರು. ಕಾಲಿಗೆ ಉಂಬಳ (ಜಿಗಣೆ) ಹತ್ತಿ ರಕ್ತ ಇಳಿಯುತ್ತಿತ್ತು, ಯಾರೂ ಕೇಳಲಿಲ್ಲ. ಮಧ್ಯಾಹ್ನ ಅಮ್ಮ ಬಡಿಸಿದ್ದು ಬರೀ ಅನ್ನ, ಸಾರು, ಸುಟ್ಟ ಹಪ್ಪಳ. ಆಹಾ, ಆವತ್ತಿನ ಖುಷಿ ಹೇಳತೀರದು. ಆ ಸಂಜೆಯಿಂದ ರಿಮೋಟು ಮತ್ತೆ ಅಪ್ಪಯ್ಯನ ಬಳಿಯೇ.

ಇನ್ನು ಎಷ್ಟು ದಿನ ಉಳಿಯುತ್ತದೆ ಅಂದಿರಿ. ಜೆಟ್‌ಲ್ಯಾಗ್ ಸಾಮಾನ್ಯವಾಗಿ ಗಂಟೆಗೊಂದು ದಿನದ ಲೆಕ್ಕದಲ್ಲಿ ಇಳಿಯುತ್ತದೆ. ಪೂರ್ವಕ್ಕೆ ಬಂದಾಗ ಸ್ವಲ್ಪ ಜಾಸ್ತಿ ಕಾಡುತ್ತದೆ. ಖುಷಿಯ ಅಮಲು ಅದಕ್ಕಿಂತ ಸ್ವಲ್ಪ ದಿನ ಹೆಚ್ಚು ಇರುತ್ತದೆ, ಅಷ್ಟೇ. ಎರಡನೇ ವಾರ ಗಾಳಿಮಳೆಗೆ ಕರೆಂಟು ಹೋಗಿ ಮೊಬೈಲ್ ಸತ್ತಾಗ ನಾನೇ ಗೊಣಗಿದ್ದೆ. ಪಕ್ಕದೂರಿನ ಮೈಕ್ ಬೆಳಿಗ್ಗೆಯೇ ಶುರುವಾದಾಗ ಸ್ಟುಟ್‌ಗಾರ್ಟ್‌ನ ಭಾನುವಾರ ನೆನಪಾಯಿತು. ಅದು ಸಹಜ ಅಲ್ವಾ? ಗೊಣಗುವಷ್ಟು ಸಲಿಗೆ ಇರುವುದು ನಮ್ಮ ಮನೆಯಲ್ಲೇ.

ನೀವು ಊರಿಗೆ ಹೊರಡುವವರಿದ್ದರೆ ಒಂದು ಮಾತು. ಮೊದಲ ವಾರ ನೆಂಟರ ಮನೆ, ಹರಕೆ, ಮದುವೆ ಅಂತ ತುಂಬಿಸಬೇಡಿ. ಕಾರಿನಲ್ಲಿ ಸುತ್ತಿ ಎಲ್ಲರ ಮನೆಯಲ್ಲೂ ನೆಂಟರಾಗುತ್ತೀರಿ, ನಿಮ್ಮ ಮನೆಯಲ್ಲೂ. ಚಾಕೊಲೇಟ್ ಕೊಡಲು ಎರಡನೇ ವಾರ ಹೋದರೂ ಆಯಿತು. ‘ಬಂದವನು ಮುಖ ತೋರಿಸಲಿಲ್ಲ’ ಅಂತ ಒಂದಿಬ್ಬರು ಅತ್ತೆಯರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ ಬಿಡಿ.