ರೋಬೋ ಬಂತು ಅಂತ ಸಿಎನ್‌ಸಿ ಕೆಲಸ ಬಿಡಬೇಕಾ?

ಪೀಣ್ಯದಲ್ಲಿ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರ) ಆಪರೇಟರ್ ಆಗಿದ್ದೀರಿ, ಪಕ್ಕದ ಲೈನಿಗೆ ರೋಬೋ ಬಂದಿದೆ, ಈ ಫೀಲ್ಡೇ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಆದರೆ ಬರೀ ಜಾಬ್ (ಕಡೆಯುವ ಲೋಹದ ತುಂಡು) ಹಾಕಿ ತೆಗೆಯುವುದರಲ್ಲೇ ಉಳಿಯಬೇಡಿ, ರೋಬೋ ಮೊದಲು ಕಿತ್ತುಕೊಳ್ಳುವುದು ಅದನ್ನೇ.

ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಸವೆದು ಜಾಬ್‌ನ ಹೊರವ್ಯಾಸ 20 ಮೈಕ್ರಾನ್ ಜಾಸ್ತಿ ಬಂತು ಅಂದುಕೊಳ್ಳಿ. ವೇರ್ ಆಫ್‌ಸೆಟ್‌ನಲ್ಲಿ, ಅಂದರೆ ಸವೆತಕ್ಕೆ ತಕ್ಕಂತೆ ತಿದ್ದುವ ಅಂಕಿಯಲ್ಲಿ, ಎಕ್ಸ್‌ಗೆ (ವ್ಯಾಸದ ದಿಕ್ಕಿಗೆ) ಮೈನಸ್ 0.02 ಮಿಲಿಮೀಟರ್ ಕೊಡುತ್ತೀರಿ, ಅಲ್ವಾ? ಪ್ರೋಬ್ (ಮುಟ್ಟಿ ಅಳೆಯುವ ಸಾಧನ) ಇರುವ ಮೆಷಿನ್ ಇದನ್ನೂ ತಾನೇ ಮಾಡಬಲ್ಲದು. ಆದರೆ ಜಾಬ್ ಮೇಲೆ ಚಿಪ್ಸ್ (ಲೋಹದ ಚೂರು) ಅಂಟಿದ್ದರೆ ತಪ್ಪು ಅಳತೆಯನ್ನೇ ನಂಬಿಬಿಡಬಹುದು. ಆಗ ಮೈಕ್ರೋಮೀಟರ್ ಹಿಡಿದು ಅನುಮಾನಪಡುವ ಮನುಷ್ಯ ಬೇಕೇ ಬೇಕು.

ಸೆಟ್ಟಿಂಗ್, ಪ್ರೋಗ್ರಾಂ ತಿದ್ದುವುದು ಕಲಿಯಿರಿ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯಲ್ಲಿ ಕಡಿಮೆ ಅವಧಿಯ ಕೋರ್ಸ್‌ಗಳಿವೆ. ರೋಬೋ ತರಬೇತಿಗೆ ನಿಮ್ಮ ಹೆಸರನ್ನೂ ಸೇರಿಸಿ ಅಂತ ಸೂಪರ್‌ವೈಸರ್‌ಗೆ ಈಗಲೇ ಹೇಳಿ. ಸಂಕೋಚ ಬೇಡ, ನಿಮ್ಮ ಲೇತ್ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಅಲ್ಲಿ ಯಾರಿದ್ದಾರೆ?