‘ಮ’ ಸೇರಿಸಿದರೆ ಜಾಗ ಸಿಗುವುದಿಲ್ಲ

ನಮಸ್ಕಾರ,

ಅರಬ್ಬಿ ಪದಗಳು ಹುಟ್ಟುವ ಬಗೆ ಕುರಿತು ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಬರವಣಿಗೆ ಸಲೀಸಾಗಿದೆ. ಆದರೆ ಎರಡನೇ ಪುಟ ಓದಿ ಸಿಟ್ಟು ಬಂತು.

‘ಕ-ತ-ಬ ಎಂಬ ಮೂರು ಅಕ್ಷರಗಳ ಮುಂದೆ ಮ ಸೇರಿಸಿದರೆ ಜಾಗ ಸಿಗುತ್ತದೆ. ಮಕ್ತಬ್ ಎಂದರೆ ಬರೆಯುವ ಜಾಗ’ ಎಂದಿದ್ದೀರಿ. ಮಕ್ತಬ್ ಸರಿ. ಮಕ್ತೂಬ್? ಅಲ್ಲೂ ಮ ಇದೆ, ಅರ್ಥ ಮಾತ್ರ ‘ಬರೆದದ್ದು’. ಬರೀ ಮ ನೋಡಿದರೆ ಏನೂ ತಿಳಿಯದು. ಬೇರು ಎನ್ನುವ ಆ ಮೂರು ಅಕ್ಷರಗಳ ನಡುವೆ ಯಾವ ಸ್ವರ ಎಲ್ಲಿ ಕೂರುತ್ತದೆ ಅನ್ನುವುದೂ ಸೇರಿ ಇಡೀ ಅಚ್ಚನ್ನು ನೋಡಬೇಕು. ಅದನ್ನು ತೋರಿಸಲೆಂದೇ ಅರಬ್ಬಿ ವ್ಯಾಕರಣದವರು ‘ಮಾಡು’ ಎಂಬರ್ಥದ ಫ-ಅ-ಲ ಬೇರನ್ನು ಮಾದರಿಯಾಗಿ ಇಟ್ಟುಕೊಂಡರು. ಮಾಡುವವನು ಫಾಇಲ್, ಮಾಡಿದ್ದು ಮಫ್‌ಊಲ್. ಅಲ್ಲಿ ಕ-ತ-ಬ ಕೂರಿಸಿ: ಕಾತಿಬ್, ಮಕ್ತೂಬ್. ಇಷ್ಟು ಹೇಳುವುದು ಬಿಟ್ಟು ಉಪಸರ್ಗದ ಪಾಠ ಯಾಕೆ? ಶಾಲೆಯಲ್ಲಿ ಪ್ರ, ಪರಾ, ಅಪ ಬಾಯಿಪಾಠ ಮಾಡಿದ ಚಾಳಿ ಇರಬೇಕು.

ಮುಂದಿನ ಸಾಲು: ‘ಬೇರು, ಅಚ್ಚು ಗೊತ್ತಿದ್ದರೆ ನಿಘಂಟೇ ಬೇಡ.’ ಬೇಡ್ವಾ? ಮಕ್ತಬ್ ಇವತ್ತು ಆಫೀಸು. ಮಕ್ತಬಾ ಗ್ರಂಥಾಲಯ, ಪುಸ್ತಕದಂಗಡಿಯೂ ಹೌದು. ಎರಡೂ ಜಾಗದ ಅಚ್ಚುಗಳೇ. ಯಾವುದು ಆಫೀಸು, ಯಾವುದು ಗ್ರಂಥಾಲಯ ಅಂತ ಅವು ಹೇಳುತ್ತವಾ? ಕತೀಬಾ ಅಂದರೆ ಸೇನೆಯ ತುಕಡಿ. ಅದೂ ಕ-ತ-ಬವೇ. ಸುಮ್ನೆ ಊಹಿಸಿ ನೋಡೋಣ.

ಪತ್ರಿಕೆ ಸೇರಿದ ಹೊಸದರಲ್ಲಿ ನಾನು ಸಂಜೆ ಹೊತ್ತು ಒಬ್ಬ ಉಸ್ತಾದರ ಹತ್ತಿರ ಅರಬ್ಬಿ ಕಲಿಯಲು ಹೋಗುತ್ತಿದ್ದೆ. ಅವರ ಬಳಿ ಹಾನ್ಸ್ ವೇರ್ ನಿಘಂಟು ಇತ್ತು. ಅದರಲ್ಲಿ ಪದಗಳು ಬೇರಿನ ಪ್ರಕಾರ ಇರುತ್ತವೆ. ಮಕ್ತಬ್ ಬೇಕಾದರೆ ಮೀಮ್ (ಮ) ಅಲ್ಲ, ಕಾಫ್ (ಕ) ಅಕ್ಷರದ ಪುಟ ತೆಗೆಯಬೇಕು. ಬೇರು ಹೇಳದೆ ಅವರು ಪುಟ ಮುಟ್ಟಲು ಬಿಡುತ್ತಿರಲಿಲ್ಲ, ಪುಟ ನೋಡದೆ ಅರ್ಥ ಹೇಳಲೂ ಬಿಡುತ್ತಿರಲಿಲ್ಲ.

ಹಗಲು ನಾನು ಬರೆಯುತ್ತಿದ್ದದ್ದು ಕೋರ್ಟು, ಠಾಣೆಯ ಸುದ್ದಿ. ಆರೋಪಿ ಹಾಜರು, ಸ್ಥಳ ಮಹಜರು, ಇದೇ. ಒಂದು ಸಂಜೆ ಎರಡೂ ಒಂದೇ ಬೇರಿನಡಿ ಸಿಕ್ಕವು: ಹ-ದ-ರ, ಎದುರಿಗೆ ಇರುವುದು. ಹಾದಿರ್ ಫಾಇಲ್ ಅಚ್ಚು. ಮಹ್ದರ್ ಥೇಟ್ ಮಕ್ತಬ್ ಅಚ್ಚು. ಪರ್ಷಿಯನ್ ಹಾದಿಯಲ್ಲಿ ಬರುವಾಗ ಆ ದ ನಮ್ಮಲ್ಲಿ ಜ ಆಯಿತು. ಹಜೂರು ಕೂಡ ಅಲ್ಲೇ ಇತ್ತು. ನಿಮ್ಮ ನಿಯಮದ ಪ್ರಕಾರ ಮಹಜರು ಒಂದು ಜಾಗ ಆಗಬೇಕು. ನಮ್ಮ ಪೊಲೀಸರು ಅದನ್ನು ಪಂಚರ ಎದುರು ಬರೆದು ಸಹಿ ಹಾಕಿಸುತ್ತಾರೆ! ಅರಬ್ಬಿಯಲ್ಲೂ ಅದಕ್ಕೆ ವರದಿ, ನಡಾವಳಿ ಎಂಬ ಅರ್ಥ ಇದೆ.

ಮೊದಲ ಪುಟದ ‘ಅದ್ಭುತ’, ‘ಗಣಿತದಂಥ ಭಾಷೆ’ ಎಲ್ಲ ತೆಗೆಯಿರಿ. ತಾಲೂಕು ಕಚೇರಿಯಿಂದ ಶುರು ಮಾಡಿ. ಮಹಸೂಲು, ತಹಶೀಲು ಎರಡೂ ಹ-ಸ-ಲ. ಮಹಸೂಲಿನ ಅಚ್ಚು ನಿಮಗೆ ಈಗ ಗೊತ್ತಾಯಿತು. ತಹಶೀಲಿನ ಅಚ್ಚು ಯಾವುದು ಅಂತ ನಿಘಂಟು ನೋಡಿ ಬರೆಯಿರಿ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.

ಸಂಪಾದಕ