ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಟ್ರಯಲ್ಸ್ ಬೈಕ್ ಈಗ ಚೋಕ್ ತೆಗೆದ ಕೂಡಲೇ ಆಫ್ ಆಗುತ್ತದೆ. ಮಡಿಕೇರಿಯ ಎತ್ತರ ಇದಕ್ಕೆ ಕಾರಣವೇ?
ಅಲ್ಲ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಪೈಲಟ್ ಜೆಟ್ ಕಟ್ಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಎತ್ತರದಲ್ಲಿ ಗಾಳಿ ತೆಳುವಾಗುವುದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ನಿಮ್ಮ ಬೈಕಿನ ತೊಂದರೆ ಅದಕ್ಕೆ ವಿರುದ್ಧವಾದದ್ದು, ಪೆಟ್ರೋಲ್ ಸಾಲದಿರುವುದು.

ಥ್ರಾಟಲ್ ಮುಚ್ಚಿರುವಾಗ ಎಂಜಿನ್ನಿಗೆ ಪೆಟ್ರೋಲ್ ಬರುವುದು ಮುಖ್ಯವಾಗಿ ಪೈಲಟ್ ಜೆಟ್ ಎಂಬ ಹಿತ್ತಾಳೆಯ ಸಣ್ಣ ತಿರುಪಿನ ಮೂಲಕ. ಅದರ ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆವಿಯಾಗಿ ಉಳಿಸುವ ಅಂಟು ಅದನ್ನು ಮುಚ್ಚಿಬಿಡುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಕೊಡಗಿನ ಮಳೆಗಾಲದ ತೇವವನ್ನೂ ಹೀರಿಕೊಳ್ಳುತ್ತದೆ. ಜೆಟ್ ಹೀಗೆ ಮುಚ್ಚಿದಾಗ ಕಡಿಮೆಯಾದ ಪೆಟ್ರೋಲನ್ನು ಚೋಕ್ ತುಂಬಿಕೊಡುವುದರಿಂದಲೇ ಎಂಜಿನ್ ಓಡುತ್ತಿರುತ್ತದೆ.

ಹಳೆಯ ಪೆಟ್ರೋಲನ್ನು ಬಸಿದು, ಜೆಟ್ ಬಿಚ್ಚಿ, ಕ್ಲೀನರ್ ಸ್ಪ್ರೇ ಹಾಗೂ ಒತ್ತಡದ ಗಾಳಿಯಿಂದ ಅದನ್ನೂ ಅದು ಕೂರುವ ದಾರಿಯನ್ನೂ ಶುಚಿಗೊಳಿಸಿ. ತಂತಿ ತೂರಿಸಿದರೆ ರಂಧ್ರ ಹಿಗ್ಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಇಷ್ಟಾದರೂ ಸರಿಹೋಗದಿದ್ದರೆ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಒಳಸೇರುತ್ತಿದೆಯೇ ಎಂದು ಪರೀಕ್ಷಿಸಿ. ಟೂ ಸ್ಟ್ರೋಕ್ ಎಂಜಿನ್ನಾಗಿದ್ದರೆ ಚೋಕ್ ಎಳೆದುಕೊಂಡೇ ಓಡಿಸುವುದು ಬೇಡ, ಏಕೆಂದರೆ ಪೆಟ್ರೋಲಿನ ಕೊರತೆಯ ಜೊತೆಗೆ ಅದರಲ್ಲಿ ಬೆರೆತು ಬರುವ ಆಯಿಲೂ ಕಡಿಮೆಯಾಗಿ ಪಿಸ್ಟನ್ ಕಚ್ಚಿಕೊಳ್ಳಬಹುದು.